ಅಂಗೈಗೆ ತಿಳಿದದ್ದು

ಅಮೆರಿಕಕ್ಕೆ ಹೋಗಿಬಂದವರು ಒಂದೋ ನಯಾಗರದ ಬಗ್ಗೆ ಹೇಳಬೇಕು, ಇಲ್ಲವೇ ಅಲ್ಲಿನ ಅಂಗಡಿಗಳ ಬಗ್ಗೆ ಹೇಳಬೇಕು. ಇದು ನಮ್ಮ ಬೀದಿಯ ಹೆಂಗಸರು ಮಾಡಿಟ್ಟಿರುವ ನಿಯಮ. ನಾನೂ ನಯಾಗರ ನೋಡಿದೆ, ನೆನೆದೆ, ಫೋಟೊ ತೆಗೆಸಿಕೊಂಡೆ. ಆದರೆ ಊರಿಗೆ ಬಂದ ಮೇಲೂ ನನ್ನ ಮನಸ್ಸಿನಿಂದ ಹೋಗದೆ ಉಳಿದದ್ದು ಮಗನ ಮನೆಯ ಗ್ಯಾರೇಜು, ಅಲ್ಲಿ ಬಾಯಿ ತೆರೆದು ನಿಂತಿದ್ದ ಒಂದು ಹಳೆಯ ಕಾರು.

ಮಗ ಇರುವುದು ಡೆಟ್ರಾಯಿಟ್ ನಗರದ ಹೊರಗೆ. ಅದು ಕಾರುಗಳ ಊರು. ಅಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯಲ್ಲಿ 1995ರಲ್ಲಿ ಶುರುವಾದ ಒಂದು ಆಗಸ್ಟ್ ಜಾತ್ರೆಯಿದೆ. ನಮ್ಮಲ್ಲಿ ತೇರು ನೋಡಲು ಜನ ನಿಂತ ಹಾಗೆ ಅಲ್ಲಿ ಹಳೆಯ ಕಾರುಗಳನ್ನು ನೋಡಲು ಜನ ನಿಲ್ಲುತ್ತಾರೆ. ಮಗನಿಗೂ ಆ ಗೀಳು ಹತ್ತಿತ್ತು. 1969ರ ಷೆವ್ರೊಲೆ ಕ್ಯಾಮೆರೊ ಒಂದನ್ನು ತಂದು, ಬಿಡುವಾದಾಗಲೆಲ್ಲ ಅದರ ಇಂಜಿನ್ ಬಿಚ್ಚಿ ಕೂಡಿಸುತ್ತಿದ್ದ. 350 ಘನ ಅಂಗುಲ, ಅಂದರೆ ಸುಮಾರು 5.7 ಲೀಟರಿನ ಇಂಜಿನ್. ನಮ್ಮ ಮಾರುತಿ 800ರಂಥ ಏಳು ಇಂಜಿನ್ ಸೇರಿಸಿದಷ್ಟು ಎಂದು ಅವನು ಲೆಕ್ಕ ಹೇಳಿದ.

ಸೊಸೆ ಬಸುರಿ. ಎರಡೇ ಬಾಗಿಲಿನ ಆ ಕಾರಿನಲ್ಲಿ ಮಗುವಿನ ಸೀಟು ಇಡುವುದು ಕಷ್ಟ. ಮಾರುವುದೆಂದು ತೀರ್ಮಾನವಾಯಿತು. ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಹುಡುಗನೊಬ್ಬ ಬಂದು, ಇಂಜಿನ್ನಿನ ಗುಡುಗು ಕೇಳಿ, ಮುಖ ಅರಳಿಸಿಕೊಂಡು ಮುಂಗಡ ಕೊಟ್ಟು ಹೋದ. ದುಡಿದು ಕೂಡಿಟ್ಟ ಹಣ ಎಂದು ಅವನೇ ಹೇಳಿದ. ಮುಂದಿನ ಶನಿವಾರ ಬರುವವನಿದ್ದ.

ಅವತ್ತು ರಾತ್ರಿ ಮಗ ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಗ್ಯಾರೇಜಿಗೆ ಕಾಫಿ ತೆಗೆದುಕೊಂಡು ಹೋದರೆ, ಬಿಚ್ಚಿದ ಸ್ಪಾರ್ಕ್ ಪ್ಲಗ್ಗುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಏಳು ಒಣಗಿದ್ದವು. ಒಂದು ಮಾತ್ರ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಕಪ್ಪಗೆ ಮಿರುಗುತ್ತಿತ್ತು.

ಪ್ಲಗ್ಗುಗಳನ್ನು ಮತ್ತೆ ಹಾಕಿ ಇಂಜಿನ್ ಚಾಲೂ ಮಾಡಿದ. ಅದರ ಮೇಲೆ ಎಣ್ಣೆ ಹಾಕುವ ರಂಧ್ರವೊಂದಿದೆ. ಉಳಿದ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, "ಅಮ್ಮ, ಇಲ್ಲಿ ಅಂಗೈ ಇಡು" ಅಂದ. ಹೆದರುತ್ತಲೇ ಇಟ್ಟೆ. ಮಗು ಮೊಲೆ ಚೀಪಿದ ಹಾಗೆ ಅದು ನನ್ನ ಅಂಗೈಯನ್ನು ಮೆಲ್ಲಗೆ ಒಳಕ್ಕೆ ಎಳೆಯಿತು.

"ಸರಿಯಿದ್ದಿದ್ದರೆ ಅದು ಹೊರಕ್ಕೆ ಊದಬೇಕಿತ್ತು. ಒಳಗೆ ಎಲ್ಲೋ ಸೋರ್ತಿದೆ ಅಮ್ಮ."

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಈ ಇಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಾಗಿ, ಬಿಡಿಸಿಟ್ಟ ಪುಸ್ತಕದ ಪುಟಗಳಂತೆ ಓರೆಯಾಗಿ ನಿಂತಿವೆ. ನಡುವಿನ ಕಣಿವೆಯ ಮೇಲೆ ಮುಚ್ಚಳದಂತೆ ಕೂರುವುದೇ ಇಂಟೇಕ್ ಮ್ಯಾನಿಫೋಲ್ಡ್. ಕಾರ್ಬೊರೇಟರಿನಿಂದ ಇಳಿದ ಗಾಳಿ ಮತ್ತು ಪೆಟ್ರೋಲನ್ನು ಎಂಟು ಬಾಯಿಗೂ ಹಂಚುವುದು ಅದರ ಕೆಲಸ. ಮ್ಯಾನಿಫೋಲ್ಡಿನ ಹೊರ ಅಂಚಿನಲ್ಲಿ ಸೋರಿದರೆ ಇಂಜಿನ್ ತಡವರಿಸಿ ತಾನೇ ಹೇಳಿಬಿಡುತ್ತದೆ. ಒಳ ಅಂಚಿನಲ್ಲಿ, ಕಣಿವೆಯ ಕಡೆಗೆ ಸೋರಿದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಂಜಿನ್ ತನ್ನ ಹೊಟ್ಟೆಯ ಎಣ್ಣೆಯನ್ನು ತಾನೇ ಎಳೆದು ಕುಡಿಯುತ್ತಾ, ಸ್ವಲ್ಪ ನೀಲಿ ಹೊಗೆ ಬಿಡುತ್ತಾ, ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತದೆ.

"ಆ ಹುಡುಗ ಕೇಳಿದನೇನೋ?" ಎಂದೆ.

"ಕೇಳಲಿಲ್ಲ."

"ಹಾಗಿದ್ದ ಮೇಲೆ ನೀನು ಸುಳ್ಳು ಹೇಳಿದ ಹಾಗಾಗಲಿಲ್ಲವಲ್ಲ."

ಮಗನ ಮೇಲಿನ ಕನಿಕರಕ್ಕೆ ಆ ಮಾತು ಬಾಯಿಗೆ ಬಂತು. ಅವನು ಏನೂ ಹೇಳದೆ ನನ್ನ ಮುಖ ನೋಡಿದ. ಇದೇ ಮಾತನ್ನು ನಾನು ಹಿಂದೊಮ್ಮೆ ಆಡಿದ್ದೆ ಎಂಬುದು ಆಗ ನೆನಪಾಯಿತು.

1988ರಲ್ಲಿ ನನ್ನ ತಂಗಿಯ ಮಗಳಿಗೆ ಗಂಡು ನೋಡಿದವಳು ನಾನು. ಹುಡುಗಿಗೆ ಚಿಕ್ಕಂದಿನಿಂದ ಮೂರ್ಛೆ ರೋಗವಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಗಂಡಿನವರು ಜಾತಕ ಕೇಳಿದರು, ಅಡುಗೆ ಕೇಳಿದರು, ಹಾಡು ಕೇಳಿದರು. ಕಾಯಿಲೆ ಕೇಳಲಿಲ್ಲ. ತಂಗಿ ಅಳುತ್ತಾ, "ಹೇಳಿಬಿಡೋಣವೇ ಅಕ್ಕ?" ಎಂದಾಗ, "ಅವರು ಕೇಳಿದರೆ ತಾನೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾವು ಒಂದೂ ಹೇಳುತ್ತಿಲ್ಲ" ಎಂದು ನಾನೇ ಧೈರ್ಯ ತುಂಬಿದೆ.

ನಮ್ಮ ಹೆದರಿಕೆಗೆ ಕಾರಣವಿರಲಿಲ್ಲವೆಂದಲ್ಲ. ಆಗ ಹಿಂದೂ ವಿವಾಹ ಕಾಯ್ದೆಯೇ ಮೇಲಿಂದ ಮೇಲೆ ಬರುವ ಅಪಸ್ಮಾರವನ್ನು ಬುದ್ಧಿಭ್ರಮಣೆಯ ಪಕ್ಕದಲ್ಲಿಟ್ಟು ಮದುವೆಗೆ ಅಡ್ಡಿ ಎನ್ನುತ್ತಿತ್ತು. ಆ ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆಯನ್ನು ಕಳಂಕ ಮಾಡಿದ ಸಮಾಜದ ಮುಂದೆ ಹೆಣ್ಣು ಹೆತ್ತವರು ಬಾಯಿ ಬಿಡುವುದು ಹೇಗೆ? ಇಂದಿಗೂ ಈ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ.

ಆದರೆ ಮದುವೆಯಾದ ಮೇಲೆ ಏನಾಯಿತೆಂದು ನನಗೆ ಗೊತ್ತು. ಹುಡುಗಿ ಮಾತ್ರೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಳು. ಕೂಡು ಕುಟುಂಬ, ಒಬ್ಬಳೇ ಇರುವ ಹೊತ್ತೇ ಸಿಗದು. ಒಂದು ಹೊತ್ತಿನದು ತಪ್ಪಿತು, ಎರಡು ಹೊತ್ತಿನದು ತಪ್ಪಿತು. ಓರಗಿತ್ತಿ ಬೀರು ಜೋಡಿಸುತ್ತೇನೆಂದ ದಿನ ಹೆದರಿ, ಇದ್ದಬದ್ದ ಮಾತ್ರೆಯನ್ನೆಲ್ಲ ಬಚ್ಚಲಿಗೆ ಸುರಿದಳು. ಹಠಾತ್ತನೆ ಮಾತ್ರೆ ಬಿಟ್ಟರೆ ಮೂರ್ಛೆ ಮರುಕಳಿಸುತ್ತದೆಂದು ಯಾವ ವೈದ್ಯರಾದರೂ ಹೇಳುತ್ತಾರೆ. ಅವಳು ಬಿದ್ದದ್ದು ಒಲೆಯ ಮುಂದೆ. ಬಲಗೈಯ ಸುಟ್ಟ ಕಲೆ ಈಗಲೂ ಇದೆ.

ಗಂಡಿನವರಿಗೆ ಮೋಸವಾಯಿತು ಎಂದು ಅವರು ಕೂಗಾಡಿದರು, ಆಮೇಲೆ ಹೊಂದಿಕೊಂಡರು. ಅವರ ಮಾತಿಗಷ್ಟೇ ನಾನು ಇಷ್ಟು ವರ್ಷ ತಲೆ ತಗ್ಗಿಸಿದ್ದೆ. ಗ್ಯಾರೇಜಿನಲ್ಲಿ ಆ ಎಣ್ಣೆ ಬಳಿದ ಪ್ಲಗ್ಗು ನೋಡುವಾಗ ಬೇರೊಂದು ಹೊಳೆಯಿತು. ನಾವು ಮುಚ್ಚಿಟ್ಟದ್ದರ ಭಾರವನ್ನು ಮೊದಲು ಹೊತ್ತವರು ಅವರಲ್ಲ. ಮುಚ್ಚಳ ಹಿಡಿದುಕೊಂಡಿರು ಎಂದು ಹತ್ತೊಂಬತ್ತು ವರ್ಷದ ಹುಡುಗಿಯ ಕೈಗೆ ಕೊಟ್ಟು ನಾವು ನೆಮ್ಮದಿಯಾಗಿ ಮನೆಗೆ ಬಂದಿದ್ದೆವು.

ಮಗ ಹುಡುಗನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೇಡವಾದರೆ ಮುಂಗಡ ವಾಪಸು, ಬೇಕಾದರೆ ಎರಡು ವಾರ ತಡೆ ಎಂದ. ಆ ಕಡೆಯಿಂದ ತುಸು ಹೊತ್ತು ಮಾತಿರಲಿಲ್ಲ. ಆಮೇಲೆ, ಬಿಚ್ಚುವಾಗ ತಾನೂ ಬಂದು ನೋಡಬಹುದೇ ಎಂದು ಕೇಳಿದನಂತೆ.

ಬಿಚ್ಚಿ ನೋಡಿದರೆ ಸಿಲಿಂಡರ್ ಹೆಡ್ಡುಗಳ ಅಡಿಯನ್ನು ಹಿಂದೊಮ್ಮೆ ಸಮ ಮಾಡಿಸುವಾಗ ತುಸು ಹೆಚ್ಚಾಗಿಯೇ ಹೆರೆದಿದ್ದರು. ಹೆಡ್ಡುಗಳು ತಗ್ಗಿ ಒಂದಕ್ಕೊಂದು ಹತ್ತಿರವಾದ್ದರಿಂದ, ನಡುವೆ ಬೆಣೆಯಂತೆ ಕೂರಬೇಕಾದ ಮ್ಯಾನಿಫೋಲ್ಡ್ ಪೂರ್ತಿ ಇಳಿದಿರಲಿಲ್ಲ. ಕೆಳ ಅಂಚಿನಲ್ಲಿ ಗ್ಯಾಸ್ಕೆಟ್ಟಿಗೆ ಹಿಡಿತವೇ ಸಿಕ್ಕಿರಲಿಲ್ಲ. "ಬೋಲ್ಟು ಇನ್ನಷ್ಟು ಬಿಗಿ ಮಾಡಿದರೆ ಆಗದೇ?" ಎಂದೆ. "ಹೊಂದದೇ ಇರುವುದನ್ನು ಬಿಗಿ ಮಾಡಿದರೆ ಒಡೆಯುತ್ತೆ ಅಮ್ಮ." ಹಾಗಾದರೆ ಅಂಟು ಜಾಸ್ತಿ ಹಾಕು ಎಂದೆ. ಹೆಚ್ಚಾದ ಅಂಟು ಒಳಗೆ ಉದುರಿ, ಎಣ್ಣೆ ಪಂಪಿನ ಜಾಲರಿ ಕಟ್ಟಿಕೊಂಡು ಇಂಜಿನ್ನನ್ನೇ ತಿಂದುಬಿಡುತ್ತದಂತೆ.

ಮ್ಯಾನಿಫೋಲ್ಡಿನ ಎರಡು ಪಕ್ಕಗಳನ್ನೂ ಲೆಕ್ಕ ಹಾಕಿ ಹೆರೆಸಿ ತಂದ. ಕಣಿವೆಗೆ ಏನೂ ಬೀಳದಂತೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ನಾಜೂಕಾಗಿ ಕೆರೆದ. ಬಟ್ಟೆಗಳನ್ನು ಎಣಿಸಿ ಹೊರಗೆ ತೆಗೆಯುವ ಕೆಲಸ ನನ್ನದು. ನಾಲ್ಕು ಹೋಗಿದ್ದವು, ನಾಲ್ಕೂ ಬಂದವು. ಮುಂದೆ ಹಿಂದೆ ಬ್ಲಾಕಿನ ಅಂಚಿಗೆ ಕಾರ್ಕಿನ ಪಟ್ಟಿ ಹಾಕದೆ ಕಿರುಬೆರಳಿನಷ್ಟು ದಪ್ಪ ಸಿಲಿಕೋನ್ ಎಳೆದ. ಅದರ ಮೇಲೆ ತೆಳ್ಳಗೆ ಕೆನೆ ಕಟ್ಟುವವರೆಗೆ ಕಾದ. ಆಮೇಲೆ ಅವನು ಒಂದು ಕಡೆ, ಕಾರು ಕೊಳ್ಳುವ ಹುಡುಗ ಇನ್ನೊಂದು ಕಡೆ ಹಿಡಿದು, ಅತ್ತಿತ್ತ ಸರಿಸದೆ ನೆಟ್ಟಗೆ ಇಳಿಸಿದರು. ಹನ್ನೆರಡು ಬೋಲ್ಟು, ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಮೂರು ಸುತ್ತಿನಲ್ಲಿ, ಕೊನೆಗೆ 30 ಅಡಿ-ಪೌಂಡಿನ ಬಿಗಿ. ಎಲ್ಲದಕ್ಕೂ ಸಮಪಾಲು. ಒಂದು ರಾತ್ರಿ ಒಣಗಲು ಬಿಟ್ಟರು.

ಮರುದಿನ ಮೂವರೂ ಒಬ್ಬೊಬ್ಬರಾಗಿ ಆ ರಂಧ್ರದ ಮೇಲೆ ಅಂಗೈ ಇಟ್ಟು ನೋಡಿದೆವು. ಬೆಚ್ಚನೆಯ ಉಸಿರು ಹೊರಕ್ಕೆ ತಾಗಿತು. ಹುಡುಗ ಮೊದಲು ಒಪ್ಪಿದ ಬೆಲೆಯನ್ನೇ ಕೊಟ್ಟ. ಹೆರೆಸಿದ ಖರ್ಚು ಮಗನದೇ.

ಊರಿಗೆ ಬಂದ ವಾರದಲ್ಲೇ ತಂಗಿಯ ಮಗಳ ಮನೆಗೆ ಹೋದೆ. ಅವಳಿಗೀಗ ಬೆಳೆದ ಮಕ್ಕಳಿದ್ದಾರೆ. ಮಾತ್ರೆ ಡಬ್ಬಿ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಇರುತ್ತದೆ. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದೆ. ತಪ್ಪಾಯಿತು ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಅವತ್ತು ನೀವು ಹೇಳಿದ್ದರೆ ಈ ಮದುವೆ ಆಗ್ತಿರಲಿಲ್ಲವೇನೋ ದೊಡ್ಡಮ್ಮ" ಎಂದಳು. ಸ್ವಲ್ಪ ತಡೆದು, "ಆದರೆ ನಾನು ಮಾತ್ರೆ ಬಿಡ್ತಿರಲಿಲ್ಲ" ಎಂದಳು.

ಎರಡೂ ನಿಜವಿರಬೇಕು. ನಾನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಅವಳ ಎದುರಿಗೆ ಕೂತೆ.