ಬೆನ್ನಿನ ಬಣ್ಣ ಯಾರಿಗೆ?

ಗಾಳ ಹಾಕುವ ಹುಚ್ಚು ಇರುವವರಿಗೆ ಪಾಪರ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳ್ತೇನೆ. ಬೆರಳುದ್ದದ ಮರದ ತುಂಡು, ಮೀನಿನ ಆಕಾರ, ಮುಖ ಮಾತ್ರ ಬಟ್ಟಲಿನ ಹಾಗೆ ಒಳಗೆ ತೋಡಿದ್ದು. ನೀರಿಗೆಸೆದು ಕೋಲನ್ನು ಗಕ್ಕನೆ ಎಳೆದರೆ ಆ ಬಟ್ಟಲು ನೀರನ್ನು ಮುಂದಕ್ಕೆ ತಳ್ಳಿ ‘ಪ್ಳಕ್’ ಅನ್ನುತ್ತದೆ, ನಾಲ್ಕು ಹನಿ ಚಿಮ್ಮುತ್ತದೆ. ಏಟು ತಿಂದ ಸಣ್ಣ ಮೀನೊಂದು ಮೇಲೆ ಒದ್ದಾಡುತ್ತಿದೆ ಅಂತ ಕೆಳಗಿರುವ ದೊಡ್ಡ ಮೀನು ನಂಬುತ್ತದೆ. ನಂಬಿತು ಅಂದರೆ ಮುಗೀತು.

ಅಂಗಡಿಯಲ್ಲಿ ಸಿಗುತ್ತದೆ, ಆದರೂ ನಾನು ಮನೆಯಲ್ಲೇ ಕೆತ್ತುತ್ತೇನೆ. ಕೆತ್ತೋದು ಒಂದು ಸಂಜೆಯ ಕೆಲಸ. ಬಣ್ಣಕ್ಕೆ ವಾರ ಬೇಕು. ಮೊದಲು ಮರ ನೀರು ಕುಡಿಯದ ಹಾಗೆ ಸೀಲರ್, ಅದರ ಮೇಲೆ ಬಿಳಿ ಪ್ರೈಮರ್, ಒಣಗಿದ ಮೇಲೆ ಸ್ಯಾಂಡ್ ಪೇಪರ್, ಮತ್ತೆ ಬಿಳಿ. ಆಮೇಲೆ ಬೆಳ್ಳಿ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಹಳೇ ಸೊಳ್ಳೆ ಪರದೆಯ ಚೂರನ್ನು ಬಿಗಿಯಾಗಿ ಸುತ್ತಿ, ಕ್ಲಿಪ್ ಹಾಕಿ, ಬೆನ್ನಿನ ಮೇಲೆ ನೀಲಿ ಹಸಿರು ಸ್ಪ್ರೇ. ಪರದೆ ಬಿಚ್ಚಿದಾಗ ನೂಲಿದ್ದ ಕಡೆ ಬೆಳ್ಳಿ ಉಳಿದು, ಉಳಿದ ಕಡೆ ಬಣ್ಣ ಕೂತು ಸಾಲು ಸಾಲು ಹುರುಪೆ ಕಾಣಿಸುತ್ತದೆ. ಎಷ್ಟು ಸಲ ಮಾಡಿದರೂ ಆ ಬಿಚ್ಚುವ ಕ್ಷಣಕ್ಕೆ ಕೈ ಸ್ವಲ್ಪ ನಡುಗುತ್ತದೆ ಸ್ವಾಮೀ! ಕೊನೆಗೆ ಕಣ್ಣು, ಅದರ ಮೇಲೆ ಎಪಾಕ್ಸಿ. ಎಪಾಕ್ಸಿ ಒಂದೇ ಕಡೆ ಇಳಿದು ಗಂಟಾಗಬಾರದಲ್ಲ, ಅದಕ್ಕೆ ಗಟ್ಟಿಯಾಗುವ ತನಕ ತಿರುಗಿಸ್ತಾ ಕೂರಬೇಕು. ಮನೆಯವರು ಇದನ್ನು ‘ಜಪ’ ಅಂತಾರೆ.

ಮಜಾ ಏನಂದರೆ, ಇಷ್ಟು ಒದ್ದಾಡಿ ಬರೆದ ಆ ಬೆನ್ನನ್ನು ಮೀನು ನೋಡುವುದೇ ಇಲ್ಲ.

ಪಾಪರ್ ತೇಲುವುದು ನೀರಿನ ಮೇಲ್ಮೈಯಲ್ಲಿ. ಮೀನು ಬರುವುದು ಕೆಳಗಿನಿಂದ. ಅದಕ್ಕೆ ಕಾಣುವುದು ಹೊಟ್ಟೆ, ಅದೂ ಬೆಳಕಿಗೆ ಅಡ್ಡ ಬಂದ ಒಂದು ಕಪ್ಪು ಆಕಾರವಾಗಿ. ನಿಜವಾದ ಬಂಗುಡೆಗೆ ಬೆನ್ನು ಗಾಢ, ಹೊಟ್ಟೆ ಬೆಳ್ಳಗೆ ಇರುವುದಕ್ಕೆ ಅರ್ಥ ಇದೆ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ಕತ್ತಲ ನೀರಲ್ಲಿ ಕರಗಬೇಕು, ಕೆಳಗಿನಿಂದ ನೋಡುವ ಮೀನಿಗೆ ಹೊಟ್ಟೆ ಬೆಳಕಲ್ಲಿ ಕರಗಬೇಕು. ಈ ಲೆಕ್ಕವನ್ನು 1896ರಲ್ಲಿ ನಿಯಮದ ರೂಪದಲ್ಲಿ ಬರೆದಿಟ್ಟ ಅಮೆರಿಕದ ಅಬಟ್ ಥೇಯರ್ ಮೂಲತಃ ಚಿತ್ರಕಾರ. ಅಂದರೆ ಬಂಗುಡೆಯ ಬಣ್ಣ ಕಾಣದಿರುವುದಕ್ಕೆ. ನಾವು ಅದೇ ಬಣ್ಣವನ್ನು ನಕಲು ಮಾಡಿ, ಎಲ್ಲರಿಗೂ ಕಾಣಲಿ ಅಂತ ನೀರಿಗೆ ಎಸೀತೇವೆ.

ಮರದ ಆಮಿಷಗಳ ಪ್ರಸಿದ್ಧ ತಯಾರಕ, ಮಿಷಿಗನ್ನಿನ ಜೇಮ್ಸ್ ಹೆಡ್ಡನ್ ಬಗ್ಗೆ ಒಂದು ಕತೆ ಹೇಳ್ತಾರೆ. ಕೆರೆ ದಂಡೆಯಲ್ಲಿ ಯಾರಿಗೋ ಕಾಯುತ್ತಾ ಕಟ್ಟಿಗೆ ಕೆತ್ತುತ್ತಿದ್ದನಂತೆ. ಬೇಜಾರಾಗಿ ನೀರಿಗೆಸೆದ, ಮೀನು ಬಂದು ಹೊಡೆಯಿತು. ಕತೆ ಎಷ್ಟು ನಿಜವೋ ಬಿಡಿ, ಆ ಕಟ್ಟಿಗೆಗೆ ಬಣ್ಣ ಇರಲಿಲ್ಲ ಅನ್ನೋದನ್ನು ನೆನಪಿಡಿ.

ನಮ್ಮ ಕೇರಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಅಳಿವೆಯಲ್ಲಿ ಸಿಗಡಿ ಪೋಣಿಸಿ ಗಾಳ ಹಾಕುವವರು. ನನ್ನ ಪೆಟ್ಟಿಗೆ ನೋಡಿ ಒಮ್ಮೆ ಹೇಳಿದರು, “ಮಾರಾಯ, ನಾನು ಊಟ ಅಂತ ಹೇಳಿ ಊಟವನ್ನೇ ಕೊಡ್ತೇನೆ. ನೀನು ಬಣ್ಣದ ಕಟ್ಟಿಗೆ ಕೊಡ್ತಿ. ಪಾಪ ಯಾರಿಗೆ ಜಾಸ್ತಿ?”

ತಮಾಷೆಗೆ ಕೇಳಿದ್ದು. ಆದರೂ ಪ್ರಶ್ನೆ ಗಟ್ಟಿ ಇದೆ. ಸಿಗಡಿಯೊಳಗೂ ಗಾಳ ಉಂಟಲ್ಲ ಅಂತ ನಾನು ವಾದ ಮಾಡಬಹುದು. ಪ್ರಕೃತಿಯೇ ಸುಳ್ಳು ಹೇಳುತ್ತದೆ ಅಂತಲೂ ಹೇಳಬಹುದು. ಬಾಲದ ಹತ್ತಿರ ಸುಳ್ಳು ಕಣ್ಣು ಹೊತ್ತ ಚಿಟ್ಟೆಮೀನುಗಳಿವೆ. ತಲೆಯ ಮೇಲೆ ಸ್ವಂತ ಗಾಳವನ್ನೇ ಬೆಳೆಸಿಕೊಂಡ ಆಂಗ್ಲರ್ ಮೀನುಗಳಿವೆ. ಆದರೆ ಈ ಉತ್ತರ ನನಗೇ ಒಪ್ಪಿಗೆಯಿಲ್ಲ. ಆಂಗ್ಲರ್ ಮೀನು ಭಾನುವಾರ ಕೂತು ಯಾವ ಹಸಿರು ಚಂದ ಅಂತ ಯೋಚಿಸುವುದಿಲ್ಲ. ಅದಕ್ಕೆ ಬೇರೆ ದಾರಿ ಇಲ್ಲ. ನನಗೆ ಇದೆ, ಪೇಟೆಯಲ್ಲಿ ಮೀನು ಸಿಗುತ್ತದೆ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ ಪ್ರಾಣಿಗಳ ಬಗ್ಗೆ ನಮಗೆ ನೇರವಾದ ಕರ್ತವ್ಯ ಏನೂ ಇಲ್ಲ ಅಂದವನು. ಆದರೆ ಪ್ರಾಣಿಗಳ ಜೊತೆ ಕ್ರೂರವಾಗಿ ನಡೆದುಕೊಳ್ಳುವವನು ಮನುಷ್ಯರ ಜೊತೆಗೂ ಕಲ್ಲಾಗುತ್ತಾನೆ, ಅದಕ್ಕೆ ಕ್ರೌರ್ಯ ಕೂಡದು ಅಂತ ಸೇರಿಸಿದ. ಮೊದಲ ಅರ್ಧ ನನಗೆ ಒಪ್ಪಲಾಗುವುದಿಲ್ಲ. ನೋವು ಮೀನಿನದ್ದು, ಲೆಕ್ಕ ಮಾತ್ರ ನನ್ನ ಸ್ವಭಾವದ್ದು ಅಂದರೆ ಹೇಗೆ? ಆದರೆ ಅವನು ಬೆರಳು ತೋರಿಸುವ ಕಡೆ ನೋಡಬೇಕು: ಈ ಕೆಲಸ ಮಾಡುವವನಿಗೆ ಏನು ಮಾಡುತ್ತದೆ?

ಅದಕ್ಕೆ ಪಾಪರಿನ ಹೊಟ್ಟೆಯೊಳಗೆ ಹೋಗಬೇಕು. ಗಾಳಗಳನ್ನು ಸಿಕ್ಕಿಸುವುದಕ್ಕೆ ಎರಡು ದಾರಿ. ಒಂದು, ತಲೆಯಲ್ಲಿ ಉಂಗುರವಿರುವ ಸಣ್ಣ ಸ್ಕ್ರೂಗಳನ್ನು ಮರಕ್ಕೆ ತಿರುಗಿಸಿ ಬಿಡುವುದು, ಐದು ನಿಮಿಷದ ಕೆಲಸ. ಇನ್ನೊಂದು, ಮೂಗಿನಿಂದ ಬಾಲದ ತನಕ ಮರವನ್ನು ಕೊರೆದು ಒಂದೇ ಸ್ಟೀಲ್ ತಂತಿ ಹಾಯಿಸುವುದು. ತೂತು ಸ್ವಲ್ಪ ಓರೆಯಾದರೆ ಮರವೇ ದಂಡ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ದೊಡ್ಡ ಕೆಂಬೇರಿ ಹಿಡಿದು ಬುಡದ ಬೇರುಗಳ ಕಡೆ ಎಳೆಯಿತು ಅಂತಿಟ್ಟುಕೊಳ್ಳಿ. ಮೆತ್ತನೆ ಮರದಲ್ಲಿ ಸ್ಕ್ರೂ ಕಿತ್ತು ಬರುತ್ತದೆ. ಪಾಪರ್ ಹಾಗೇ ನಿಮ್ಮ ಕೈಗೆ ವಾಪಸ್, ಒಂದು ಹುರುಪೆಯೂ ಅಳಿಸಿಲ್ಲ. ಮೂರು ಕೊಕ್ಕೆಯ ಗಾಳ ಮಾತ್ರ ಮೀನಿನ ದವಡೆಯಲ್ಲಿ, ಅದು ಉಣ್ಣಲಿಕ್ಕೂ ಆಗದ ಹಾಗೆ. ತಂತಿ ಇದ್ದರೆ ಮೀನು ದಡಕ್ಕೆ ಬರುತ್ತದೆ. ತಿನ್ನುತ್ತೀರೋ, ಬಿಡುತ್ತೀರೋ, ಅಂತೂ ನಿಮ್ಮ ಕೆಲಸದ ಫಲ ನಿಮ್ಮ ಕಣ್ಣೆದುರು ಇರುತ್ತದೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿದ್ದರೆ ಬಿಡುವುದೂ ಸುಲಭ. ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ, ತಪ್ಪಿಸಿಕೊಳ್ಳಲಿ.

ಹಾಗಾಗಿ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಬಣ್ಣದಿಂದ ಮೀನಿಗೆ ಆಗುವ ಮೋಸ ಕಡಿಮೆ, ಅದು ಸದ್ದಿಗೆ ಬರುತ್ತದೆ, ಆಕಾರಕ್ಕೆ ಬರುತ್ತದೆ. ಬೆನ್ನಿನ ಬಣ್ಣ ನಂಬುವವನು ಮೇಲೆ ಕೋಲು ಹಿಡಿದು ನಿಂತವನು. ಇಷ್ಟು ಚಂದ ಇದೆಯಲ್ಲ, ಒಳಗೂ ಹೀಗೇ ಇರಬೇಕು ಅಂದುಕೊಳ್ತಾನೆ. ಅಂದುಕೊಳ್ಳಲಿ ಅಂತಲೇ ನಾವೂ ಬರೆಯೋದು. ಸ್ಕ್ರೂ ಹಾಕಿದ ಪಾಪರಿಗೆ ವಾರವಿಡೀ ಹುರುಪೆ ಬರೆಯುವುದನ್ನು ನಾನು ಶ್ರದ್ಧೆ ಅಂತ ಕರೆಯಲಾರೆ. ತಂತಿ ಹಾಯಿಸಿ ಬರೀ ಬಿಳಿ ಬಳಿದು ಕೊಟ್ಟವನನ್ನು ಸೋಮಾರಿ ಅಂತಲೂ ಕರೆಯಲಾರೆ. ಎರಡನ್ನೂ ಮಾಡಿದರೆ? ಆಗ ಬೆನ್ನಿನ ಬಣ್ಣ ನಮ್ಮ ಖುಷಿಗೆ ಅಂತ ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಯಾಕೆ?

ಈಗೀಗ ಒಬ್ಬಿಬ್ಬರು ಕೇಳಿ ಮಾಡಿಸಿಕೊಳ್ತಾರೆ. ಹೋದ ತಿಂಗಳು ಒಬ್ಬರಿಗೆ ಎರಡು ಫೋಟೋ ಕಳಿಸಿದೆ. ಒಂದರಲ್ಲಿ ಮುಗಿದ ಪಾಪರ್, ಇನ್ನೊಂದರಲ್ಲಿ ಬಣ್ಣಕ್ಕೆ ಮುಂಚಿನ ಬೋಳು ಮರ. ಅದರ ಮೂಗಿನಲ್ಲೊಂದು, ಬಾಲದಲ್ಲೊಂದು ತಂತಿಯ ಉಂಗುರ, ಬಾಲದ ಉಂಗುರಕ್ಕೆ ಹತ್ತು ಕಿಲೋ ಅಕ್ಕಿ ಚೀಲ ಕಟ್ಟಿ ತೊಲೆಗೆ ನೇತುಹಾಕಿದ್ದು. ಸಂಜೆಗೆ ಉತ್ತರ ಬಂತು: “ಮೊದಲನೇದು ಸೂಪರ್ ಸರ್. ಬೆನ್ನು ಇನ್ನೂ ಸ್ವಲ್ಪ ಹಸಿರು ಮಾಡ್ಬಹುದಾ? ಎರಡನೇ ಫೋಟೋ ಯಾಕೆ ಕಳಿಸಿದ್ರಿ ಅಂತ ಗೊತ್ತಾಗ್ಲಿಲ್ಲ.”