ಕೇಳಲಿಲ್ಲ, ಹೇಳಲಿಲ್ಲ

“ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.” ಹಳೇ ಬೈಕ್ ಮಾರಿದವರು, ಬಾಡಿಗೆ ಮನೆ ಖಾಲಿ ಮಾಡಿದವರು, ಕೆಲಸ ಬಿಡುವಾಗ ಕೆಟಿ ಕೊಟ್ಟು ಹೋದವರು ಹೀಗೆ ಹೇಳೋದನ್ನ ನಾವೆಲ್ಲ ಕೇಳಿರ್ತೀವಿ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಏನೋ ಚುಚ್ಚುತ್ತೆ. ಸುಮ್ಮನಿರೋದು ಮೋಸವಾ? ಈ ಪ್ರಶ್ನೆ ನನ್ನ ತಲೆ ತಿಂದಿದ್ದು ಒಂದು ಹಳೇ ಡ್ರೈಸೂಟ್‌ನಿಂದ.

ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರಿಗೆ ಡ್ರೈಸೂಟ್ ಗೊತ್ತಿರೋದಿಲ್ಲ, ಅಲ್ಲಿನ ಬೆಚ್ಚಗಿನ ನೀರಿಗೆ ಅದು ಬೇಕಾಗಿಯೂ ಇಲ್ಲ. ನಾನು ಕೆಲಸಕ್ಕೆ ಅಂತ ಬಂದಿರೋದು ಸ್ಕಾಟ್ಲೆಂಡಿಗೆ. ಇಲ್ಲಿನ ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ, 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ 52 ಹಡಗುಗಳನ್ನ ತಾನೇ ಮುಳುಗಿಸಿಕೊಂಡಿತು. ಉಳಿದಿರುವ ಕೆಲವನ್ನ ನೋಡೋಕೆ ಡೈವರ್‌ಗಳು ಈಗಲೂ ಇಳೀತಾರೆ. ಅಲ್ಲಿ ಬೇಸಿಗೆಯಲ್ಲೂ ನೀರು 13 ಡಿಗ್ರಿ ಆಸುಪಾಸು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿ ಎಳೆದುಕೊಳ್ಳುತ್ತೆ. ಹಾಗಾಗಿ ಕುತ್ತಿಗೆ, ಮಣಿಕಟ್ಟುಗಳಲ್ಲಿ ರಬ್ಬರ್ ಸೀಲ್, ನೀರು ನುಗ್ಗದ ಜಿಪ್, ಒಳಗೆ ಬೆಚ್ಚಗಿನ ಬಟ್ಟೆ. ಎದೆ ಮೇಲಿನ ವಾಲ್ವ್‌ನಿಂದ ಸೂಟಿನೊಳಗೆ ಗಾಳಿ ಬಿಡ್ತೀವಿ, ಎಡತೋಳಿನ ವಾಲ್ವ್‌ನಿಂದ ಹೊರಗೆ ಹಾಕ್ತೀವಿ.

ಒಳ್ಳೆಯ ಹೊಸ ಸೂಟಿನ ಬೆಲೆ ಸಲೀಸಾಗಿ ಸಾವಿರ ಪೌಂಡ್ ದಾಟುತ್ತೆ. ನಾನು ಡೈವಿಂಗ್ ಬಿಡುತ್ತಿದ್ದ ಒಬ್ಬ ಹಿರಿಯರ ಹತ್ತಿರ 280ಕ್ಕೆ ಕೊಂಡೆ. ಅವರು ಸೂಟಿನ ಜೊತೆ ಒಂದು ಹಾಳೆ ಕೊಟ್ಟರು. ತೊಡೆಯ ಹತ್ತಿರ ತೇಪೆ ಇದೆ, ಮೂತ್ರ ಹೊರಹಾಕೋ ವಾಲ್ವ್‌ಗೆ ಹಿಂದೆ ಕೊರೆದಿದ್ದ ತೂತು ಅದು. ಕುತ್ತಿಗೆಯ ಲೇಟೆಕ್ಸ್ ಜಿಗುಟಾಗಿದೆ, ಬದಲಾಯಿಸಲೇಬೇಕು. ಜಿಪ್ಪಿಗೆ ಮೇಣ ಹಚ್ಚದೆ ಎಳೀಬೇಡಿ. ನಾನು ಇದ್ಯಾವುದನ್ನೂ ಕೇಳಿರಲಿಲ್ಲ.

ಮನೆಗೆ ತಂದು ಪರೀಕ್ಷೆ ಮಾಡಿದೆ. ತೋಳಿನ ತುದಿಗಳಿಗೆ ಉಪ್ಪಿನಕಾಯಿ ಬಾಟಲಿ, ಕುತ್ತಿಗೆಗೆ ಒಂದು ಚೆಂಡು ಸಿಕ್ಕಿಸಿ, ಗಾಳಿ ತುಂಬಿ, ಮೇಲೆಲ್ಲ ಸೋಪು ನೀರು ಹಚ್ಚೋದು. ಗುಳ್ಳೆ ಎದ್ದ ಕಡೆ ತೂತು. ಹೊಸ ಸೀಲ್ ಹಾಕಿಸಿ, ನನ್ನ ಕುತ್ತಿಗೆ ಅಳತೆಗೆ ಕತ್ತರಿಸಿದೆ. ಕಾಲು ಉದ್ದ ಅಂತ ಎರಡು ಇಂಚು ಕಡಿಮೆ ಮಾಡಿಸಿದೆ. ನಾಲ್ಕು ಚಳಿಗಾಲ ಚೆನ್ನಾಗಿ ನಡೀತು.

ಈಗ ಬೆಂಗಳೂರಿಗೆ ವಾಪಸ್ ಹೊರಟಿದ್ದೀನಿ, ಸೂಟ್ ಮಾರಬೇಕು. ಇತ್ತೀಚೆಗೆ ತೋಳಿನ ವಾಲ್ವ್ ಹತ್ತರಲ್ಲಿ ಒಂದು ಡೈವಿಗೆ ಒಂದು ಕ್ಷಣ ಕಚ್ಚಿಕೊಳ್ಳುತ್ತೆ. ಮೇಲೇರುವಾಗ ಸೂಟಿನೊಳಗಿನ ಗಾಳಿ ಹಿಗ್ಗುತ್ತೆ. ಹತ್ತು ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು. ಅದು ಹೊರಗೆ ಹೋಗದಿದ್ದರೆ ಬಲೂನಿನ ಹಾಗೆ ಮೇಲಕ್ಕೆ ಎಸೆಯುತ್ತೆ, ಶ್ವಾಸಕೋಶಕ್ಕೂ ರಕ್ತಕ್ಕೂ ಅಪಾಯ. ಸೋಪು ನೀರಿನ ಪರೀಕ್ಷೆಯಲ್ಲಿ ಇದು ಕಾಣೋದೇ ಇಲ್ಲ.

ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಜಗಳ ಇದೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಧಾನ್ಯ ತರ್ತಾನೆ. ಹಿಂದೆ ಇನ್ನೂ ಹಡಗುಗಳು ಬರ್ತಿವೆ ಅಂತ ಅವನಿಗೆ ಮಾತ್ರ ಗೊತ್ತು. ಹೇಳಿದರೆ ಬೆಲೆ ಇಳಿಯುತ್ತೆ. ಡಯೋಜಿನಿಸ್ ಅನ್ನೋ ಸ್ಟೋಯಿಕ್ ಪ್ರಕಾರ ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಬಚ್ಚಿಡೋದು ಬೇರೆ, ಹೇಳದಿರೋದು ಬೇರೆ. ಅವನ ಶಿಷ್ಯ ಆಂಟಿಪೇಟರ್‌ನ ಪ್ರಕಾರ ಎಲ್ಲವನ್ನೂ ಹೇಳಬೇಕು. ಸಿಸೆರೊ ಶಿಷ್ಯನ ಪರ.

ಡಯೋಜಿನಿಸ್‌ನ ಮಾತನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಕೊಳ್ಳುವವರಿಗೂ ಕಣ್ಣಿದೆ, ಬುದ್ಧಿ ಇದೆ. ಆದರೆ ಎಲ್ಲ ಲೋಪಗಳೂ ಒಂದೇ ಥರ ಅಲ್ಲ. ಸವೆದ ಸೀಲ್ ನೋಡಿದವರಿಗೆಲ್ಲ ಕಾಣುತ್ತೆ. ಹತ್ತರಲ್ಲೊಮ್ಮೆ ಕಚ್ಚುವ ವಾಲ್ವ್ ಬಳಸಿದವರಿಗೆ ಮಾತ್ರ ಗೊತ್ತು. ಎದುರಿನವರು ಎಷ್ಟೇ ಹುಷಾರಾಗಿದ್ದರೂ ಕಂಡುಹಿಡಿಯೋಕೆ ಆಗದ್ದನ್ನ “ಕೇಳಲಿಲ್ಲವಲ್ಲ” ಅನ್ನೋದು ನ್ಯಾಯ ಅಲ್ಲ. ಏನು ಕೇಳಬೇಕು ಅಂತ ಅವರಿಗೆ ಗೊತ್ತಿದ್ದರೆ ತಾನೇ ಕೇಳೋದು?

ಕೊಳ್ಳೋಕೆ ಬಂದವನು ಈಗಷ್ಟೇ ಡ್ರೈಸೂಟ್ ಕೋರ್ಸ್ ಮುಗಿಸಿದ ವಿದ್ಯಾರ್ಥಿ, ನನಗಿಂತ ಎತ್ತರ. ಕಾಲು ಗಿಡ್ಡ ಮಾಡಿಸಿದ್ದನ್ನ ಹೇಳಿದೆ. ನನಗೆ ಹೊಂದಿಸಿಕೊಂಡಿದ್ದೇ ಅವನಿಗೆ ಕೊರತೆ ಆಗಬಹುದಲ್ಲ. ಹಾಕ್ಕೊಂಡು ಕುಕ್ಕರುಗಾಲಲ್ಲಿ ಕೂತು ನೋಡಿದ, ಬಿಗಿ ಇದೆ, ಆದರೆ ನಡೆಯುತ್ತೆ ಅಂದ. ಆಮೇಲೆ ವಾಲ್ವ್ ವಿಷಯ ಹೇಳಿದೆ. ಅದಕ್ಕೂ ಅದೇ ನಗು, “ಪರವಾಗಿಲ್ಲ, ನೋಡ್ಕೋತೀನಿ.”

ಆಂಟಿಪೇಟರ್ ಹೇಳಿದ್ದನ್ನ ನಾನು ಮಾಡಿಯಾಗಿತ್ತು. ದುಡ್ಡು ತಗೊಂಡು ಕಳಿಸಬಹುದಿತ್ತು. ಆದರೆ ಎರಡೂ “ಪರವಾಗಿಲ್ಲ”ಗಳು ಒಂದೇ ಅಲ್ಲ. ಕಾಲಿನ ಬಿಗಿಯನ್ನ ಅವನ ಮೈಯೇ ಅಳೆದು ನೋಡಿತ್ತು, ಆ ತೀರ್ಮಾನ ಅವನದು. ವಾಲ್ವ್‌ನದ್ದು ಅವನ ಕಿವಿಗೆ ಬಿದ್ದಿತ್ತು ಅಷ್ಟೇ. ತಣ್ಣನೆ ನೀರಲ್ಲಿ ಸೂಟ್ ಉಬ್ಬಿ ಮೇಲಕ್ಕೆ ಎಳೆದ ಅನುಭವ ಇಲ್ಲದವನು ಅದನ್ನ ಯಾವ ತಕ್ಕಡಿಯಲ್ಲಿ ತೂಗಬೇಕು? ಅಲ್ಲಿ ಹೇಳೋದು ಅವನನ್ನ ಕಾಪಾಡಲ್ಲ, ನನ್ನನ್ನ ಕಾಪಾಡುತ್ತೆ. “ಹೇಳಿದ್ದೆನಲ್ಲ” ಅನ್ನೋದು “ಕೇಳಲಿಲ್ಲವಲ್ಲ” ಅನ್ನೋದರ ತಮ್ಮನೇ. ಆಪ್‌ಗಳ ಷರತ್ತುಗಳ ಕೆಳಗೆ ದಿನಾ ಟಿಕ್ ಒತ್ತುವ ನಮಗೆ ಇದು ಗೊತ್ತಿಲ್ಲದ್ದೇನಲ್ಲ.

ಒಂದು ವಾರ ತಡಿ ಅಂದೆ. ಅರವತ್ತು ಚಿಲ್ಲರೆ ಪೌಂಡ್ ಖರ್ಚು ಮಾಡಿ ಹೊಸ ವಾಲ್ವ್ ಹಾಕಿಸಿದೆ, ಬೆಲೆ ಹೆಚ್ಚಿಸಲಿಲ್ಲ. ಸ್ನೇಹಿತನೊಬ್ಬ ನಕ್ಕ: “ಅವನೇನು ಮಗುನಾ?” ಖಂಡಿತ ಅಲ್ಲ. ಅದಕ್ಕೇ ಕಾಲಿನ ವಿಷಯವನ್ನ ಅವನಿಗೇ ಬಿಟ್ಟಿದ್ದು. ಎದುರಿನವರು ತೂಗಿ ನೋಡಬಲ್ಲದ್ದನ್ನ ಹೇಳಿ ಅವರಿಗೆ ಬಿಡಬೇಕು. ತೂಗೋಕೆ ಆಗದ್ದನ್ನ, ಜೀವಕ್ಕೆ ಸಂಬಂಧಪಟ್ಟಿದ್ದರೆ, ಸರಿಮಾಡಿ ಕೊಡಬೇಕು, ಇಲ್ಲವೇ ಮಾರಬಾರದು. ಈ ಗೆರೆ ಎಲ್ಲಿ ಬೀಳುತ್ತೆ ಅನ್ನೋದು ಪ್ರತಿ ಸಲ ಜಗಳದ ವಿಷಯವೇ.

ಸೂಟಿನ ಜೊತೆ ಒಂದು ಹಾಳೆಯನ್ನೂ ಕೊಟ್ಟೆ. ಹಿರಿಯರು ಬರೆದಿದ್ದರ ಕೆಳಗೆ ನನ್ನ ನಾಲ್ಕು ಸಾಲು, ಅದರ ಕೆಳಗೆ ಇನ್ನೂ ಜಾಗ ಇದೆ.