ನಗ್ನತೆಯೂ ನಿರಭಿಮಾನವೂ

ವಸ್ತ್ರವು ಮಾನರಕ್ಷಣೆಯ ಸಾಧನವೆಂದು ಲೋಕವು ಬಗೆಯುವುದು. ಆದರೆ ಮಾನವೆಂಬುದು ಉಟ್ಟ ಬಟ್ಟೆಯಲ್ಲಿರುವುದೋ, ಉಟ್ಟವನ ಮನಸ್ಸಿನಲ್ಲಿರುವುದೋ, ಅಥವಾ ನೋಡುವವನ ಕಣ್ಣಿನಲ್ಲಿರುವುದೋ ಎಂಬ ಪ್ರಶ್ನೆಯು ವಿಚಾರವಂತರನ್ನು ಹಿಂದಿನಿಂದಲೂ ಕಾಡಿದೆ. ಈ ಪ್ರಶ್ನೆಯೇ ಇಂದು ಹೊಸ ರೂಪದಲ್ಲಿ ಸದ್ಭಕ್ತರ ಮನೆಬಾಗಿಲಿಗೆ ಬಂದಿದೆ. ನಮ್ಮ ಗೃಹಸ್ಥರ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ನೆಲೆಸುತ್ತಿರುವರು. ಅಲ್ಲಿ ಕೆಲವು ಕಡಲತೀರಗಳಲ್ಲಿಯೂ ಸರೋವರಗಳ ದಡದಲ್ಲಿಯೂ, ಮ್ಯೂನಿಕ್ ನಗರದ ಪ್ರಸಿದ್ಧ ಉದ್ಯಾನದ ಒಂದು ಭಾಗದಲ್ಲಿಯೂ ಸ್ತ್ರೀಪುರುಷರು ವಸ್ತ್ರವಿಲ್ಲದೆ ಬಿಸಿಲು ಕಾಯಿಸಿಕೊಳ್ಳುವುದು ಶಾಸನಸಮ್ಮತವಾಗಿದೆ. ಈ ಸಂಗತಿಯನ್ನು ಕೇಳಿದವರಲ್ಲಿ ಕೆಲವರು “ಇವರೆಲ್ಲರೂ ಲಜ್ಜಾಹೀನರು” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವರು. ಮತ್ತೆ ಕೆಲವರು “ಅಕ್ಕಮಹಾದೇವಿಯವರೂ ಬತ್ತಲೆಯಾಗಿಯೇ ಹೊರಟರಲ್ಲವೇ? ಇದರಲ್ಲಿ ಹೊಸತೇನು?” ಎಂದು ಕೇಳುವರು. ಮೊದಲನೆಯವರು ಪರರನ್ನು ಅರಿಯದೆ ನಿಂದಿಸುವರು. ಎರಡನೆಯವರು ಅಕ್ಕನವರನ್ನು ಅರಿಯದೆ ಸ್ತುತಿಸುವರು. ಈ ಎರಡು ಅವಿಚಾರಗಳನ್ನೂ ಬಿಟ್ಟು ವಿಷಯವನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಪಾಶ್ಚಾತ್ಯರಲ್ಲಿ ಈ ಆಚಾರಕ್ಕೆ ಎರಡು ಹೆಸರುಗಳುಂಟು. ಒಂದು ನ್ಯೂಡಿಸಂ, ಇನ್ನೊಂದು ನ್ಯಾಚುರಿಸಂ. ಮೊದಲನೆಯದನ್ನು ನಗ್ನತಾವಾದವೆಂದೂ ಎರಡನೆಯದನ್ನು ಪ್ರಕೃತಿಜೀವನವಾದವೆಂದೂ ಕನ್ನಡಿಸಬಹುದು. ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ. ಎರಡರಲ್ಲಿಯೂ ಕಾಣುವುದು ವಸ್ತ್ರವಿಲ್ಲದ ದೇಹವೇ. ಆದರೆ ಪ್ರಕೃತಿಜೀವನವಾದಿಗಳು ತಮ್ಮನ್ನು ನಗ್ನತಾವಾದಿಗಳೆಂದು ಕರೆದರೆ ಒಪ್ಪುವುದಿಲ್ಲ. ನಗ್ನತೆಯು ತಮ್ಮ ಜೀವನಕ್ರಮದ ಒಂದು ಅಂಗ ಮಾತ್ರ, ಅದೇ ಅಂಗಿಯಲ್ಲ ಎಂಬುದು ಅವರ ವಾದ. ಈ ವಾದದ ತಿರುಳನ್ನು ತಿಳಿಯಬೇಕಾದರೆ ಅದು ಹುಟ್ಟಿದ ಕಾಲವನ್ನು ಸ್ವಲ್ಪ ನೋಡಬೇಕು.

19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ನಗರಗಳು ಕಾರ್ಖಾನೆಗಳ ಹೊಗೆಯಿಂದ ತುಂಬಿದುವು. ಗಾಳಿಬೆಳಕುಗಳಿಲ್ಲದ ಕೊಠಡಿಗಳಲ್ಲಿ ಜನರು ಕ್ಷಯಾದಿ ರೋಗಗಳಿಂದ ನವೆಯುತ್ತಿದ್ದರು. ಆಗ ಕೆಲವು ಸುಧಾರಕರು ಶಾಕಾಹಾರ, ಮದ್ಯವರ್ಜನ, ವ್ಯಾಯಾಮ, ಸೂರ್ಯಸ್ನಾನ ಇವುಗಳನ್ನು ಬೋಧಿಸತೊಡಗಿದರು. ಮೈಗೆ ಬಿಸಿಲೂ ಗಾಳಿಯೂ ನೇರವಾಗಿ ತಗಲಬೇಕೆಂಬ ವಿಚಾರದಿಂದ ಮುಕ್ತದೇಹಸಂಸ್ಕೃತಿ ಎಂಬ ಅರ್ಥದ ಜರ್ಮನ್ ಹೆಸರಿನ ಚಳವಳಿಯು ಬೆಳೆಯಿತು. ಫ್ರಾನ್ಸ್ ದೇಶದಲ್ಲಿ ವೈದ್ಯರಾದ ದ್ಯುರ್ವಿಲ್ ಸೋದರರು 1931ರಲ್ಲಿ ಲೆವಾಂ ದ್ವೀಪದಲ್ಲಿ ಇಂಥದೊಂದು ವಸತಿಯನ್ನು ಸ್ಥಾಪಿಸಿದರು. 1950ರಲ್ಲಿ ಆಲ್ಬೆರ್ ಲೆಕಾಕ್ ಮತ್ತು ಅವರ ಪತ್ನಿ ಕ್ರಿಸ್ತೀನ್ ಮೊಂತಾಲಿವೆ ಎಂಬ ಕಡಲತೀರದಲ್ಲಿ ಕುಟುಂಬಗಳು ಬಂದು ತಂಗುವ ಕೇಂದ್ರವನ್ನು ಆರಂಭಿಸಿದರು. 1953ರಲ್ಲಿ ಅಲ್ಲಿಯೇ ಈ ಪಂಥದ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು. 1974ರಲ್ಲಿ ಫ್ರಾನ್ಸಿನ ಆಗ್ದ್ ಎಂಬಲ್ಲಿ ಆ ಒಕ್ಕೂಟವು ಸಮಾವೇಶಗೊಂಡು ತನ್ನ ತತ್ತ್ವಕ್ಕೆ ಒಂದು ಲಕ್ಷಣವನ್ನು ಹೇಳಿತು. ಪ್ರಕೃತಿಗೆ ಹೊಂದಿಕೊಂಡ ಬಾಳುವೆ. ಸಾಮೂಹಿಕ ನಗ್ನತೆಯು ಅದರ ವಿಶೇಷ ಗುರುತು. ತನ್ನಲ್ಲಿ, ಪರರಲ್ಲಿ, ಪರಿಸರದಲ್ಲಿ ಗೌರವವನ್ನು ಬೆಳೆಸುವುದು ಅದರ ಉದ್ದೇಶ. ಇದು ಆ ಲಕ್ಷಣದ ಸಾರಾಂಶ.

ನಮ್ಮ ದೇಶಕ್ಕೂ ಈ ಚರಿತ್ರೆಗೂ ಒಂದು ನಂಟಿರುವುದನ್ನು ಅನೇಕರು ಅರಿಯರು. ಐರೋಪ್ಯರ ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದೆಂದು ಗಣಿಸಲ್ಪಡುವುದು ಐರೋಪ್ಯ ದೇಶದಲ್ಲಲ್ಲ, ಮುಂಬಯಿಗೆ ಸಮೀಪದ ಠಾಣೆಯಲ್ಲಿ 1891ರಲ್ಲಿ ಹುಟ್ಟಿತು. ಚಾರ್ಲ್ಸ್ ಎಡ್ವರ್ಡ್ ಗಾರ್ಡನ್ ಕ್ರಾಫರ್ಡ್ ಎಂಬ ಆಂಗ್ಲ ನ್ಯಾಯಾಧೀಶನು ಅದರ ಸ್ಥಾಪಕ. ಇದ್ದ ಸದಸ್ಯರು ಮೂವರೇ. ಅವನಿಗೆ ರತ್ನಾಗಿರಿಗೆ ವರ್ಗವಾದೊಡನೆ ಸಂಘವೂ ಮುಗಿಯಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಸೆಕೆಯ ನಾಡಿನಲ್ಲಿ ಲಂಗೋಟಿಯುಟ್ಟು ಉಳುವ ಒಕ್ಕಲಿಗನಿಗೆ ಸಂಘವೂ ಬೇಕಿರಲಿಲ್ಲ, ನಿಯಮಾವಳಿಯೂ ಬೇಕಿರಲಿಲ್ಲ. ಕತ್ತಿನವರೆಗೆ ಗುಂಡಿ ಹಾಕಿಕೊಂಡು ನ್ಯಾಯಪೀಠದಲ್ಲಿ ಕೂಡ್ರುವವನಿಗೆ ಮಾತ್ರ ಬಟ್ಟೆ ಕಳಚುವುದೊಂದು ವ್ರತವಾಗಿ ತೋರಿತು.

ಈಗ ಭೇದವನ್ನು ವಿವೇಚಿಸೋಣ. ನಗ್ನತಾವಾದಿಗೆ ಬಟ್ಟೆಯನ್ನು ತೆಗೆಯುವುದೇ ಸಾಧ್ಯ. ತನ್ನ ಸುಖ, ತನ್ನ ಸ್ವಾತಂತ್ರ್ಯ ಅಷ್ಟಕ್ಕೆ ಅವನ ದೃಷ್ಟಿ ನಿಲ್ಲುವುದು. ಪ್ರಕೃತಿಜೀವನವಾದಿಗೆ ಅದು ಸಾಧನ; ಆಹಾರ, ವ್ಯಾಯಾಮ, ನೆಲಜಲಗಳ ರಕ್ಷಣೆ, ಒಡನಾಡಿಗಳ ಮರ್ಯಾದೆ ಇವೆಲ್ಲವೂ ಅದರೊಡನೆ ಸೇರಿರಬೇಕು. ಅವರ ಶಿಬಿರಗಳಲ್ಲಿ ದಿಟ್ಟಿಸಿ ನೋಡುವುದು ಅಸಭ್ಯತೆ. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದು ಅಪರಾಧ. ಹಾಸುಗಂಬಳಿಯಿಲ್ಲದೆ ಆಸನದ ಮೇಲೆ ಕೂಡ್ರುವುದು ಕೂಡ ಅಶೌಚ. ಶಬ್ದಪ್ರಯೋಗವು ಎಲ್ಲೆಡೆಯೂ ಇಷ್ಟು ನಿಖರವಾಗಿಲ್ಲವೆಂಬುದು ನಿಜ. ಅಮೆರಿಕೆಯಲ್ಲಿ ಕುಟುಂಬಸಮೇತರಾಗಿ ನಿಯಮದಿಂದ ನಡೆಯುವವರೂ ತಮ್ಮನ್ನು ನ್ಯೂಡಿಸ್ಟರೆಂದೇ ಕರೆದುಕೊಂಡರು. ಆದುದರಿಂದ ಹೆಸರನ್ನು ಹಿಡಿಯದೆ ಭಾವವನ್ನು ಹಿಡಿಯಬೇಕು.

ಇಲ್ಲಿ ಒಂದು ಶಂಕೆ. ಹಾಗಾದರೆ ನಿಯಮವೂ ಉನ್ನತವಾದ ಉದ್ದೇಶವೂ ಇದ್ದಲ್ಲಿ ಎಲ್ಲವೂ ಶುದ್ಧವೇ? ಅಲ್ಲವೆಂದು ಆ ಚಳವಳಿಯ ಚರಿತ್ರೆಯೇ ಹೇಳುವುದು. 20ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ರಿಚರ್ಡ್ ಉಂಗೆವಿಟ್ಟರ್ ಎಂಬ ಲೇಖಕನು ನಗ್ನತೆಯನ್ನು ಆರೋಗ್ಯದ ಹೆಸರಿನಲ್ಲಿಯೇ ಬೋಧಿಸಿದನು. ಆದರೆ ಅವನ ಮನಸ್ಸಿನಲ್ಲಿದ್ದುದು ಜನಾಂಗದ ಶ್ರೇಷ್ಠತೆ. ಮೈಯನ್ನು ನೋಡಿ ಶುದ್ಧರಕ್ತದವರು ಶುದ್ಧರಕ್ತದವರನ್ನೇ ವರಿಸಲೆಂಬುದು ಅವನ ಆಶಯ. ಅದೇ ದೇಶದಲ್ಲಿ 1920ರ ದಶಕದಲ್ಲಿ ಅಡಾಲ್ಫ್ ಕೋಖ್ ಎಂಬ ಉಪಾಧ್ಯಾಯನು ಬರ್ಲಿನ್ನಿನ ಕಾರ್ಮಿಕರಿಗೂ ಅವರ ಮಕ್ಕಳಿಗೂ ವ್ಯಾಯಾಮಶಾಲೆಗಳನ್ನು ತೆರೆದನು. ಅಲ್ಲಿ ಬಟ್ಟೆ ಕಳಚಿದಾಗ ಮೇಲು ಕೀಳೆಂಬುದೂ ಕಳಚುವುದೆಂಬುದು ಅವನ ನಂಬಿಕೆ. ಇಬ್ಬರೂ ಬಿಟ್ಟುದು ಒಂದೇ ಬಟ್ಟೆ. ಆದರೆ ಒಬ್ಬನು ಕುಲಾಭಿಮಾನವನ್ನು ಇನ್ನೂ ಬಿಗಿಯಾಗಿ ಉಟ್ಟುಕೊಂಡನು, ಇನ್ನೊಬ್ಬನು ಅದನ್ನು ಬಿಡಿಸಲು ಯತ್ನಿಸಿದನು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಕೋಖನ ಶಾಲೆಗಳು ಮುಚ್ಚಿದುವು.

ಇನ್ನೊಂದು ನಿದರ್ಶನವು ಆಗ್ದ್ ಕ್ಷೇತ್ರದ್ದೇ. ಯಾವ ಊರಿನಲ್ಲಿ ಪರಗೌರವವನ್ನು ಲಕ್ಷಣವಾಕ್ಯದಲ್ಲಿ ಸೇರಿಸಿದರೋ ಅದೇ ಊರಿನ ಕಡಲತೀರದ ನಗ್ನವಸತಿಗೆ ಮುಂದಿನ ದಶಕಗಳಲ್ಲಿ ಭೋಗಾಸಕ್ತರು ನೆರೆದರು. ಕುಟುಂಬದೊಡನೆ ಬರುತ್ತಿದ್ದ ಹಳೆಯ ಪ್ರಕೃತಿಜೀವಿಗಳು ಬೇಸತ್ತರು. ಇಬ್ಬರಿಗೂ ವೈಮನಸ್ಯ ಬೆಳೆಯಿತು. ಬಟ್ಟೆಯಿಲ್ಲದಿರುವುದು ಇಬ್ಬರಿಗೂ ಸಮಾನವಾಗಿದ್ದರೂ ಅವರು ಒಂದೇ ಮರಳಿನ ಮೇಲೆ ಕೂಡ್ರಲಾರದೆ ಹೋದರು. ಭೇದವು ಮೈಯಲ್ಲಿಲ್ಲ, ಮನದಲ್ಲಿದೆ ಎಂಬುದಕ್ಕೆ ಬೇರೆ ಪ್ರಮಾಣವೇಕೆ?

ನಮ್ಮ ಪೂರ್ವಿಕರು ಈ ಸೂಕ್ಷ್ಮವನ್ನು ಚೆನ್ನಾಗಿ ಬಲ್ಲವರು. ಭಾಗವತದಲ್ಲಿ ಒಂದು ಕಥೆಯುಂಟು. ಬತ್ತಲೆಯಾದ ಶುಕಮುನಿಯು ಮುಂದೆ ಹೋಗುತ್ತಿರಲು ವೃದ್ಧನಾದ ವ್ಯಾಸನು ಹಿಂದೆ ಬರುತ್ತಿದ್ದನು. ಜಲಕ್ರೀಡೆಯಲ್ಲಿದ್ದ ಸ್ತ್ರೀಯರು ಯುವಕನಾದ ಶುಕನನ್ನು ಕಂಡು ನಾಚಲಿಲ್ಲ. ವಸ್ತ್ರ ಧರಿಸಿದ್ದ ವ್ಯಾಸನನ್ನು ಕಂಡು ಸೀರೆಗಳನ್ನು ಉಟ್ಟುಕೊಂಡರು. ಕಾರಣವನ್ನು ಕೇಳಿದಾಗ, ಸ್ತ್ರೀಪುರುಷಭೇದವು ನಿನ್ನ ದೃಷ್ಟಿಯಲ್ಲಿದೆ, ನಿನ್ನ ಮಗನ ದೃಷ್ಟಿಯಲ್ಲಿಲ್ಲ ಎಂದು ಹೇಳಿದರು. ಕಣ್ಣು ಬತ್ತಲೆಯಾಗಿದ್ದರೆ ಉಟ್ಟವರ ಮುಂದೆಯೂ ಮಾನವಿಲ್ಲ. ಕಣ್ಣಿಗೆ ಶೀಲವೆಂಬ ಉಡುಗೆಯಿದ್ದರೆ ಉಡದವರಿಗೂ ಮಾನಹಾನಿಯಿಲ್ಲ. ಶ್ರವಣಬೆಳ್ಗೊಳದಲ್ಲಿ 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿಯ ಮುಂದೆ ತಾಯಂದಿರು ಮಕ್ಕಳ ಕೈಹಿಡಿದು ನಿಲ್ಲುವರು. ಯಾರ ತಲೆಯೂ ನಾಚಿಕೆಯಿಂದ ಬಾಗದು, ಭಕ್ತಿಯಿಂದ ಬಾಗುವುದು. ದಿಗಂಬರನೆಂದರೆ ಬಟ್ಟೆಯಿಲ್ಲದವನೆಂದಲ್ಲ, ದಿಕ್ಕುಗಳನ್ನೇ ಬಟ್ಟೆಯಾಗಿ ಉಳ್ಳವನೆಂದು ಆ ಶಬ್ದದ ವಿಗ್ರಹವಾಕ್ಯವೇ ಹೇಳುವುದು.

ಈಗ ಅಕ್ಕಮಹಾದೇವಿಯವರ ಪ್ರಸಂಗಕ್ಕೆ ಬರೋಣ. ಉಡುತಡಿಯ ಆ ಶರಣೆಯು ಕೌಶಿಕನ ಅರಮನೆಯನ್ನೂ ಉಟ್ಟ ಸೀರೆಯನ್ನೂ ತೊರೆದು ಕೇಶರಾಶಿಯನ್ನೇ ಮರೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದರು. ಅನುಭವಮಂಟಪದಲ್ಲಿ ಪ್ರಭುದೇವರು ಅವರನ್ನು ಪರೀಕ್ಷಿಸಿದ ಸಂವಾದವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಸೀರೆಯನ್ನು ಬಿಟ್ಟ ಮೇಲೆ ಕೂದಲ ಮರೆಯಾದರೂ ಏಕೆಂಬುದು ಪ್ರಭುವಿನ ಆಕ್ಷೇಪದ ತಾತ್ಪರ್ಯ. ಇದು ಸಾಮಾನ್ಯವಾದ ಪ್ರಶ್ನೆಯಲ್ಲ. ನಾಚಿಕೆಯ ಎಳೆಯೊಂದು ಉಳಿದಿದ್ದರೆ ಅದನ್ನು ಹೊರಗೆಳೆಯುವ ಪ್ರಶ್ನೆ. ತನಗಾಗಿ ಮರೆಮಾಡಿಲ್ಲ, ನೋಡುವವರಿಗೆ ನೋವಾಗದಿರಲೆಂದು ಮರೆಮಾಡಿದೆನೆಂಬುದು ಅಕ್ಕನವರ ಉತ್ತರದ ಭಾವ. ಸದ್ಭಕ್ತರು ಇಲ್ಲಿ ನಿಂತು ಆಲೋಚಿಸಬೇಕು. ತನ್ನ ಲಜ್ಜೆಯನ್ನು ಸಂಪೂರ್ಣವಾಗಿ ಗೆದ್ದವರು ಪರರ ಮನಸ್ಸಿನ ಹಿತವನ್ನು ಮರೆಯಲಿಲ್ಲ. ಸ್ವಾತಂತ್ರ್ಯವು ಪೂರ್ಣವಾದಾಗ ಕರುಣೆಯು ಅಳಿಯುವುದಿಲ್ಲ, ಅರಳುವುದು.

ಹೀಗೆ ನೋಡಿದಾಗ ಮೂರು ನೆಲೆಗಳು ಗೋಚರಿಸುವುವು. ಬಟ್ಟೆಯನ್ನು ಮಾತ್ರ ಬಿಟ್ಟವನು ಒಬ್ಬನು. ಬಟ್ಟೆಯೊಡನೆ ಪರರನ್ನು ಕೀಳುಗಾಣುವ ದೃಷ್ಟಿಯನ್ನೂ ಬಿಡಲು ಯತ್ನಿಸುವವನು ಇನ್ನೊಬ್ಬನು. ದೇಹವೇ ತಾನೆಂಬ ಅಭಿಮಾನವನ್ನೇ ಬಿಟ್ಟವರು ಅಕ್ಕನವರಂಥ ಮಹಾನುಭಾವರು. ಮೊದಲನೆಯದು ನಗ್ನತಾವಾದ, ಎರಡನೆಯದು ಉತ್ತಮವಾದ ಪ್ರಕೃತಿಜೀವನ, ಮೂರನೆಯದು ನಿರ್ವಾಣ. ಎರಡನೆಯದು ಮೂರನೆಯದಲ್ಲ. ಪ್ರಕೃತಿಜೀವನವಾದಿಯು ದೇಹದ ಆರೋಗ್ಯವನ್ನೂ ಸಂತೋಷವನ್ನೂ ಬಯಸುವವನು. ಸಂಜೆಯಾದೊಡನೆ ಬಟ್ಟೆಯುಟ್ಟು ಮನೆಗೆ ಹಿಂದಿರುಗುವವನು. ಅಕ್ಕನವರಿಗೆ ಹಿಂದಿರುಗುವ ಮನೆಯೇ ಇರಲಿಲ್ಲ. ಚೆನ್ನಮಲ್ಲಿಕಾರ್ಜುನನೊಬ್ಬನೇ ಮನೆ, ಒಬ್ಬನೇ ಪತಿ. ಆದುದರಿಂದ ಅಕ್ಕನವರನ್ನು ಆ ಪಂಥದ ಮೂಲಪುರುಷರ ಸಾಲಿಗೆ ಸೇರಿಸುವುದು ಅವಿವೇಕ. ಆದರೆ ಎರಡನೆಯವನನ್ನು ಮೊದಲನೆಯವನೆಂದು ನಿಂದಿಸುವುದೂ ಅನ್ಯಾಯವೇ. ಅವನು ದೇಹವನ್ನು ಪಾಪದ ಗೂಡೆಂದು ಹಳಿಯುವುದಿಲ್ಲ. ನಮ್ಮ ಶರಣರೂ ಹಳಿಯಲಿಲ್ಲ. ಇಷ್ಟಲಿಂಗವನ್ನು ಧರಿಸುವ ಕಾಯವು ಹೇಸಿಕೆಯ ವಸ್ತುವಾಗಲಾರದು. ಬಸವಣ್ಣನವರು ಅದನ್ನು ದೇಗುಲವಾಗಿ ಕಂಡರು. ದೇಗುಲವನ್ನು ಮುಚ್ಚಿಡುವುದಕ್ಕೂ ತೆರೆದಿಡುವುದಕ್ಕೂ ಸಮಯವುಂಟು, ನಿಯಮವುಂಟು. ಸಂತೆಯಲ್ಲಿ ಮೆರೆಸುವುದು ಮಾತ್ರ ಸಲ್ಲದು.

ಇಷ್ಟರಿಂದ ವಿಚಾರವು ಮುಗಿಯದು. ತಾನಾಗಿ ಬಿಡುವುದಕ್ಕೂ ಬಿಡಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಹೇಳದಿದ್ದರೆ ಈ ಲೇಖನವು ಅಪೂರ್ಣ. ಉಡುತಡಿಗೆ ಬಹಳ ದೂರವಲ್ಲದ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆಸೇವೆ ನಡೆಯುತ್ತಿತ್ತು. ಹರಕೆಯ ಹೆಸರಿನಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆದವರಲ್ಲಿ ಹಿಂದುಳಿದ ಮತ್ತು ದಲಿತ ಕುಲಗಳ ಬಡ ಹೆಂಗಸರು ಬಹುಸಂಖ್ಯಾತರು. ಸುತ್ತ ನೆರೆದು ನೋಡುತ್ತಿದ್ದವರು ಸಾವಿರಾರು. 1986ರಲ್ಲಿ ಅಲ್ಲಿ ದೊಡ್ಡ ಗಲಭೆಯಾಗಿ, ಅನಂತರ ಸರ್ಕಾರವು ಆ ಆಚರಣೆಯನ್ನು ನಿಷೇಧಿಸಿತು. ಭಕ್ತಿಯಿಂದ ನಡೆದವರ ಮನಸ್ಸನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಬಡತನವೂ ಭಯವೂ ಸೀರೆ ಸೆಳೆದಲ್ಲಿ ಅದು ತ್ಯಾಗವೆನಿಸದು, ಅಪಹರಣವೆನಿಸುವುದು. ದ್ರೌಪದಿಯ ಸೀರೆಯನ್ನು ಸೆಳೆದವನೂ, ಸುಮ್ಮನೆ ನೋಡಿದ ಸಭೆಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟುವು.

ಹಾಗಾದರೆ ದೂರದೇಶದಲ್ಲಿರುವ ಮಗನೋ ಮಗಳೋ ಈ ವಿಷಯವನ್ನು ಕೇಳಿದಾಗ ತಂದೆತಾಯಿಗಳು ಏನು ಹೇಳಬೇಕು? ಗದರಿಸಿ ಬಾಯಿ ಮುಚ್ಚಿಸಬಾರದು. ಬಾಯಿ ಮುಚ್ಚಿದರೆ ಪ್ರಶ್ನೆ ಸಾಯದು. “ಅದು ಆ ದೇಶದವರ ಒಂದು ರೂಢಿ; ಅದರಲ್ಲಿ ಒಳ್ಳೆಯವರೂ ಇರುವರು, ಭೋಗಿಗಳೂ ಇರುವರು. ನಿನಗೆ ಸಲ್ಲದೆಂದು ತೋರಿದರೆ ಸಂಕೋಚವಿಲ್ಲದೆ ದೂರವಿರು; ನಾಗರಿಕನೆನಿಸಿಕೊಳ್ಳಲು ಬಟ್ಟೆ ಬಿಚ್ಚಬೇಕಾಗಿಲ್ಲ. ಆದರೆ ಅಂಥವರ ನಡುವೆ ಹಾದುಹೋಗಬೇಕಾದಾಗ ಕಣ್ಣನ್ನು ಶುದ್ಧವಾಗಿಟ್ಟುಕೊ, ಕದ್ದು ನೋಡಬೇಡ, ಚಿತ್ರ ತೆಗೆಯಬೇಡ, ಊರಿಗೆ ಬಂದು ನಕ್ಕು ವರ್ಣಿಸಬೇಡ” ಎಂದು ಹೇಳಬೇಕು. ಇದರಲ್ಲಿ ಆಚಾರವೂ ಉಳಿಯುವುದು, ಪರರ ಮಾನವೂ ಉಳಿಯುವುದು.

ಇಷ್ಟು ಹೇಳುವ ಅಧಿಕಾರವು ಬರಬೇಕಾದರೆ ನಾವು ನಮ್ಮ ಉಡುಗೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಮದುವೆಮನೆಯಲ್ಲಿ ಜರಿಯ ಸೀರೆಯ ಬೆಲೆಯನ್ನು ನೋಡಿ ಎಲೆ ಹಾಕುವ ಸ್ಥಳವನ್ನು ನಿರ್ಣಯಿಸುವವರು, ಒಳಪಂಗಡವನ್ನು ಕೇಳಿ ತಿಳಿದ ಮೇಲೆ ಮಾತು ಮುಂದುವರಿಸುವವರು, ಮೈತುಂಬ ಉಟ್ಟಿದ್ದರೂ ಶರಣರ ದೃಷ್ಟಿಯಲ್ಲಿ ಏನಾಗಿರುವರು? ಉಂಗೆವಿಟ್ಟರನು ಬಟ್ಟೆ ಬಿಚ್ಚಿ ಉಳಿಸಿಕೊಂಡ ಕುಲಾಭಿಮಾನವನ್ನೇ ಅವರು ಬಟ್ಟೆಯುಟ್ಟು ಕಾಪಾಡಿಕೊಂಡಿರುವರು. ಅಕ್ಕನವರಂತೆ ವಸ್ತ್ರವನ್ನು ಬಿಡುವುದು ಗೃಹಸ್ಥರಿಗೆ ವಿಧಿಸಲ್ಪಟ್ಟಿಲ್ಲ. ಅವರು ಬಿಟ್ಟ ಅಭಿಮಾನವನ್ನು ಬಿಡುವುದು ಎಲ್ಲರಿಗೂ ವಿಧಿ. ಅದು ಒಂದೇ ದಿನಕ್ಕೆ ಆಗದು. ಚಳಿಯಲ್ಲಿ ನಡುಗುವವನಿಗೆ ಒಂದು ಕಂಬಳಿಯನ್ನು ಹೊದಿಸುವ ಕೈ, ಕೊಟ್ಟೆನೆಂಬ ಭಾವವನ್ನು ಕೊಡುವಾಗಲೇ ಕಳಚಿಕೊಳ್ಳಲಿ. ಗೃಹಸ್ಥನ ದಿಗಂಬರವ್ರತವು ಅಲ್ಲಿಂದ ಆರಂಭವಾಗುವುದು.